ಇನ್ನೂ ಬಾರದ ಒಂಬತ್ತು ದಿನ

ಹತ್ತೊಂಬತ್ತನೇ ತಾರೀಖು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ತನ್ನ ಮೇಲೆ ತಾನೇ ದೂರು ಕೊಡಬೇಕು ಅಂದಳು.

ದಫೇದಾರರು ಪೆನ್ನಿನ ಕ್ಯಾಪು ತೆಗೆದವರು ಮತ್ತೆ ಹಾಕಿದರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಗಂಡನ ಮೇಲೆ, ಅತ್ತೆಯ ಮೇಲೆ, ಪಕ್ಕದ ಮನೆಯ ಕೋಳಿಯ ಮೇಲೆ ದೂರು ಬರೆದುಕೊಂಡಿದ್ದರು. ಇದೊಂದು ಬಾಕಿ ಇತ್ತು ನೋಡಿ.

"ಮೊದಲು ಕೂತ್ಕೊಳ್ಳಿ ಅಮ್ಮಾ. ಏನು ಮಾಡಿದೀರಿ?"

"ಅದೇ ಗೊತ್ತಿಲ್ಲ ಸಾರ್. ನೀವೇ ಕಂಡುಹಿಡಿದು ಹೇಳ್ಬೇಕು."

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು, ವಯಸ್ಸು ನಲವತ್ತರ ಮೇಲೆ. ಮಾತಾಡುವಾಗ ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿ ಇಟ್ಟುಕೊಂಡಿದ್ದಳು, ಅವು ತನ್ನವಲ್ಲ ಅನ್ನೋ ಹಾಗೆ. ಅವಳಿಗೆ ಒಬ್ಬಳೇ ತಂಗಿ, ಮೂವತ್ತೊಂದು ವರ್ಷ, ಶಾಲೆಯೊಂದರ ಆಫೀಸಿನಲ್ಲಿ ಟೈಪಿಸ್ಟು. ಬೆನ್ನಿನ ಮೇಲೆ ಗೋಲಿ ಗಾತ್ರದ ಗಡ್ಡೆಯಾಗಿತ್ತು. ಆರನೇ ತಾರೀಖು ಬುಧವಾರ ಮೂಲೆ ಕ್ಲಿನಿಕ್ಕಿನಲ್ಲಿ ತೆಗೆಸಿಕೊಂಡಳು. ಕಾಲು ಗಂಟೆಯ ಕೆಲಸ, ಮೂರು ಹೊಲಿಗೆ. ಎಂಟನೇ ತಾರೀಖು ಚಳಿ ಜ್ವರ ಬಂತು. ಒಂಬತ್ತಕ್ಕೆ ಅದೇ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಹತ್ತಕ್ಕೆ ದೊಡ್ಡಾಸ್ಪತ್ರೆ ಸೇರಿಸಿದರು. ಹನ್ನೆರಡನೇ ತಾರೀಖು ಬೆಳಗಿನ ಜಾವ ಹೋಗಿಬಿಟ್ಟಳು. ರಕ್ತಕ್ಕೆ ನಂಜೇರಿದೆ ಅಂದರು ಡಾಕ್ಟರು.

"ಗಾಯ ತೊಳೆದು ಕಟ್ತಿದ್ದವಳು ನಾನೇ ಸಾರ್. ಸಿಸ್ಟರು ದಿನಾ ಬಿಚ್ಚಿ, ಕುದಿಸಿ ಆರಿಸಿದ ನೀರಲ್ಲಿ ತೊಳೀರಿ ಅಂದಿದ್ರು. ಹಾಗೇ ಮಾಡಿದೆ. ಕ್ಲಿನಿಕ್ಕಿನ ಕಾಗದದಲ್ಲಿ ನೋಡಿದ್ರೆ, 'ಬಿಚ್ಚಬಾರದೆಂದು ಹೇಳಿದ್ದರೂ ಮನೆಯಲ್ಲಿ ಬಿಚ್ಚಿ ಕೊಳಕು ಬಟ್ಟೆ ಕಟ್ಟಿದ್ದಾರೆ' ಅಂತ ಬರೆದಿದೆ. ತಂಗಿ ಗಂಡ ಅದನ್ನೇ ಹಿಡ್ಕೊಂಡಿದ್ದಾನೆ. ನಿನ್ನ ಕೈಯೇ ನನ್ನ ಹೆಂಡ್ತೀನ ತಿಂದಿದ್ದು, ಮಗು ಹತ್ರ ಸುಳೀಬೇಡ ಅಂದ. ಐದು ವರ್ಷದ ಮಗು ಸಾರ್, ಹುಟ್ಟಿದಾಗಿಂದ ದೊಡ್ಡಮ್ಮ ದೊಡ್ಡಮ್ಮ ಅಂತ ನನ್ನ ಸೆರಗು ಬಿಟ್ಟಿದ್ದಿಲ್ಲ."

"ಅವನು ಏನಾದ್ರೂ ಅನ್ಲಿ. ನಿಮಗೆ ನೆನಪಿದೆ ತಾನೇ, ಸಿಸ್ಟರು ಏನಂದ್ರು ಅಂತ?"

"ಇತ್ತು. ಎಲ್ಲರೂ ಸೇರಿ ಅಂದೂ ಅಂದೂ ಈಗ ನನಗೇ ಅನುಮಾನ. ತಪ್ಪು ನಂದಾದ್ರೆ ಒಳಗೆ ಹಾಕಿ. ಅಲ್ಲದಿದ್ರೆ ಅಲ್ಲ ಅಂತ ಬರ್ಕೊಡಿ. ಎರಡರಲ್ಲಿ ಒಂದು ಆಗ್ಲೇಬೇಕು, ನಂಗೆ ನಿದ್ದೆ ಬರ್ತಿಲ್ಲ."

ಇನ್‌ಸ್ಪೆಕ್ಟರ್ ಮೇಡಂ ಅಷ್ಟರಲ್ಲಿ ಒಳಕೋಣೆಯಿಂದ ಬಂದು ನಿಂತಿದ್ದರು. ಮಾತಿಗೆ ಬರಗಾಲದ ಹೆಂಗಸು. ಅವಳು ತಂದಿದ್ದ ಆ ಕಾಗದದ ಜೆರಾಕ್ಸನ್ನು ಕಿಟಕಿ ಬೆಳಕಿಗೆ ಹಿಡಿದು ಓದಿದರು.

"ಆ ಒಂದು ಸಾಲು ಎರಡು ಸಾಲಿನ ಮಧ್ಯೆ ತುರುಕಿದ ಹಾಗಿದೆ. ದಫೇದಾರ್ರೇ, ದೂರು ಇವರ ಮೇಲೆ ಅಲ್ಲ. ತಂಗಿ ಸಾವಿನ ಬಗ್ಗೆ ಅನುಮಾನ ಅಂತ ಬರ್ಕೊಳ್ಳಿ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಆ ಮಧ್ಯಾಹ್ನವೇ ದೊಡ್ಡಾಸ್ಪತ್ರೆಯಿಂದ ಮೃತಳ ಫೈಲನ್ನೂ ರಕ್ತಪರೀಕ್ಷೆಯ ವರದಿಯನ್ನೂ ವಶಕ್ಕೆ ಪಡೆದರು. ವರದಿಯಲ್ಲಿ ಒಂದು ರೋಗಾಣುವಿನ ಹೆಸರಿತ್ತು. ದಫೇದಾರರು ಅದನ್ನು ಅಕ್ಷರ ಅಕ್ಷರ ಕೂಡಿಸಿ ದಿನಚರಿಗೆ ಇಳಿಸುವಷ್ಟರಲ್ಲಿ ಬೆವರಿಳಿಯಿತು.

ಮರುದಿನ, ಇಪ್ಪತ್ತನೇ ತಾರೀಖು ಬುಧವಾರ, ಹನ್ನೊಂದಕ್ಕೆ ಮೇಡಂ, ದಫೇದಾರರು ಮತ್ತು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದ ಕಾನ್‌ಸ್ಟೇಬಲ್ ಕ್ಲಿನಿಕ್ಕಿಗೆ ಹೋದರು. ನಾಲ್ಕು ಕೋಣೆಯ ಕಟ್ಟಡ. ಮುಂದೆ ಕಾಯುವವರಿಗೆ ಹನ್ನೆರಡು ಕುರ್ಚಿ, ಫಿನಾಯಿಲಿನ ವಾಸನೆ. ಬಾಗಿಲ ಪಕ್ಕದಲ್ಲೇ ಗಾಜಿನ ಚೌಕಟ್ಟು ಹಾಕಿಸಿದ ಪ್ರಮಾಣಪತ್ರ: 'ಗುಣಮಟ್ಟ ಮತ್ತು ಸುರಕ್ಷತೆ: ಅತ್ಯುತ್ತಮ.' ತಪಾಸಣೆ ನಡೆದದ್ದು ಅದೇ ತಿಂಗಳ ಹದಿನೈದನೇ ತಾರೀಖು. ಹೆಂಗಸು ಸತ್ತು ಮೂರು ದಿನಕ್ಕೆ ಅತ್ಯುತ್ತಮ! ದಫೇದಾರರು ಆ ತಾರೀಖನ್ನು ಬೆರಳಿಟ್ಟು ಮತ್ತೆ ಓದಿದರು. ಅವರೂ ಬಿ.ಪಿ. ತೋರಿಸಿಕೊಳ್ಳುತ್ತಿದ್ದುದು ಅಲ್ಲೇ.

ಡಾಕ್ಟರಿಗೆ ಅರವತ್ತು ದಾಟಿತ್ತು. ಮೇಡಂ ಕಾಗದ ಮುಂದಿಟ್ಟರು.

"ಈ ಸಾಲು ಬರೆದದ್ದು ನೀವಾ?"

ಡಾಕ್ಟರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು.

"ಮೇಲಿನದು, ಕೆಳಗಿನದು ನನ್ನವು. ಇದು ನನ್ನ ಬರಹ ಅಲ್ಲ."

"ಯಾರದ್ದು?"

"ಸಿಸ್ಟರ್ ಅಕ್ಷರದ ಹಾಗಿದೆ." ಅಷ್ಟು ಹೇಳುವಷ್ಟರಲ್ಲಿ ಅವರ ಮುಖ ಸಣ್ಣದಾಯಿತು.

ಸಿಸ್ಟರನ್ನು ಆ ಬೀದಿಯಲ್ಲಿ ಅರಿಯದವರಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದವರು. ನೋವಾಗದ ಹಾಗೆ ಸೂಜಿ ಚುಚ್ಚುವುದರಲ್ಲಿ ಅವರದು ಎತ್ತಿದ ಕೈ. ಮದುವೆಯಾಗಿಲ್ಲ, ಮನೆ ಅಂದರೆ ಕ್ಲಿನಿಕ್ಕಿನ ಹಿಂದಿನ ಬೀದಿಯ ಒಂದು ಕೋಣೆ. ಪೊಲೀಸರನ್ನು ಕಂಡು ಅವರು ಗಾಬರಿಯಾಗಲಿಲ್ಲ. ಏನು ಕೇಳಿದರೂ ಒಂದೊಂದು ರಿಜಿಸ್ಟರ್ ತಂದು ಮುಂದೆ ಇಟ್ಟರು. ಫ್ರಿಜ್ಜಿನ ಉಷ್ಣತೆಗೆ ಒಂದು, ಕೈ ತೊಳೆದದ್ದಕ್ಕೆ ಒಂದು, ಕಸಕ್ಕೆ ಒಂದು, ಔಷಧದ ಅವಧಿಗೆ ಒಂದು. ಒಟ್ಟು ಹನ್ನೊಂದು.

"ಗಡ್ಡೆ ಕೊಯ್ಯೋ ಕತ್ತರಿ, ಚಾಕು ಶುಚಿ ಮಾಡೋದು ಹೇಗೆ?" ಮೇಡಂ ಕೇಳಿದರು.

"ಆಟೋಕ್ಲೇವಲ್ಲಿ. ದಿನಾ ಬೆಳಿಗ್ಗೆ."

ಮೂಲೆಯಲ್ಲಿ ಕುಕ್ಕರಿನ ದೊಡ್ಡಣ್ಣನಂಥ ಯಂತ್ರ. ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರೆ ನೂರಿಪ್ಪತ್ತೊಂದು ಡಿಗ್ರಿ ಹಬೆಯಲ್ಲಿ ಹದಿನೈದು ನಿಮಿಷ ಬೇಯುತ್ತವೆ, ಯಾವ ಹುಳವೂ ಉಳಿಯೋದಿಲ್ಲ.

"ಅಷ್ಟು ಬಿಸಿ ಆಯ್ತು ಅನ್ನೋದಕ್ಕೆ ಗುರುತು?"

"ಸ್ಟ್ರಿಪ್." ಸಿಸ್ಟರ್ ಬೆರಳಗಲದ ಬಿಳಿ ಕಾಗದದ ಚೂರೊಂದನ್ನು ತೋರಿಸಿದರು. "ಬಟ್ಟೆಯೊಳಗೆ ಇದನ್ನೂ ಇಡ್ತೀವಿ. ಶಾಖ ತಾಗಿದ್ರೆ ಕಪ್ಪಾಗುತ್ತೆ. ಇಲ್ಲದಿದ್ರೆ ಬೆಳ್ಳಗೇ ಇರುತ್ತೆ. ದಿನದ್ದು ದಿನ ಅಂಟಿಸಿದೀನಿ, ನೋಡಿ."

ನೋಡಿದರು. ಒಂದನೇ ತಾರೀಖಿಂದ ಆ ದಿನದವರೆಗೆ, ಭಾನುವಾರ ಬಿಟ್ಟು, ಹದಿನೇಳು ಕಪ್ಪು ಸ್ಟ್ರಿಪ್ಪು. ಪ್ರತಿಯೊಂದರ ಕೆಳಗೂ ಸಮಯ, ಡಿಗ್ರಿ, ಸಹಿ. ಪುಟ ನೋಡಲು ಚೆಂದವೇ ಚೆಂದ.

ಆ ಚೆಂದವೇ ದಫೇದಾರರ ಕಣ್ಣಿಗೆ ಚುಚ್ಚಿದ್ದು. ಯಾಕೆ ಅಂದರೆ ಅಂಥ ಪುಟಗಳನ್ನು ಅವರೇ ಬರೆದಿದ್ದರು. ಕಾನ್‌ಸ್ಟೇಬಲ್ ಆಗಿದ್ದ ಕಾಲದಲ್ಲಿ ಬೀಟಿಗೆ ಹೋಗಿ, ಒಂದೊಂದು ಮೂಲೆಯಲ್ಲೂ ತೂಗುಹಾಕಿದ ಪುಸ್ತಕಕ್ಕೆ ಸಮಯ ಬರೆದು ಸಹಿ ಹಾಕಬೇಕಿತ್ತು. ನಿಜವಾಗಿ ನಡೆದ ದಿನ ಆ ಸಮಯಗಳು ಅಡ್ಡಾದಿಡ್ಡಿ: ಒಂದು ಕಡೆ ನಾಯಿ ಅಟ್ಟಿಸಿಕೊಂಡು ಬಂದಿರುತ್ತೆ, ಇನ್ನೊಂದು ಕಡೆ ಕುಡುಕನೊಬ್ಬ ಕಾಲಿಗೆ ಬಿದ್ದಿರುತ್ತಾನೆ. ಸೋಮಾರಿತನ ಹತ್ತಿದ ವಾರ ಏಳೂ ದಿನದ್ದನ್ನ ಒಂದೇ ಬೈಠಕ್ಕಿನಲ್ಲಿ ಗೀಚಿದ್ದುಂಟು. ಆಗ ಮಾತ್ರ ಎಲ್ಲವೂ ಗಡಿಯಾರದ ಹಾಗೆ ಇರುತ್ತಿತ್ತು. ಆ ವಾರ ಆ ಬೀದಿಗೆ ಕಳ್ಳ ಬರಲಿಲ್ಲ, ಅವರ ಪುಣ್ಯ. ಇಲ್ಲಿ ನೋಡಿದರೆ ಒಂಬತ್ತೂ ಕಾಲು, ಒಂಬತ್ತೂ ಕಾಲು, ಒಂಬತ್ತೂ ಕಾಲು. ಹದಿನೇಳು ದಿನದಲ್ಲಿ ಒಂದು ದಿನವಾದರೂ ಈಯಮ್ಮನಿಗೆ ನೀರು ನಿಲ್ಲಲಿಲ್ಲವೇ, ಪೇಷಂಟು ವಾಂತಿ ಮಾಡಲಿಲ್ಲವೇ?

ಬೆರಳು ಏಳನೇ ತಾರೀಖಿನ ಮೇಲೆ ನಿಂತಿತು. ಏಳು, ಗುರುವಾರ. ಏನೋ ನೆನಪು. ಹೌದಲ್ಲ! ಅವತ್ತು ಠಾಣೆಯ ಕಂಪ್ಯೂಟರ್ ಸತ್ತು ಬಿದ್ದಿತ್ತು, ಸರಗಳ್ಳತನದ ಎಫ್‌ಐಆರನ್ನು ಅವರು ಕೈಯಲ್ಲಿ ಬರೆದು ಬೆರಳು ನೋಯಿಸಿಕೊಂಡಿದ್ದರು. ಹೊರಗೆ ಹೋಗಿ ಠಾಣೆಗೆ ಫೋನು ಮಾಡಿದರು.

"ಏಳನೇ ತಾರೀಖಿನ ದಿನಚರಿ ತೆಗೆದು ಓದಪ್ಪ."

"ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಟ್ರಾನ್ಸ್‌ಫಾರ್ಮರ್ ಬದಲಾವಣೆ, ಪೂರ್ತಿ ಬಡಾವಣೆಗೆ ವಿದ್ಯುತ್ ಇಲ್ಲ. ನಿಮ್ಮದೇ ಅಕ್ಷರ ದಫೇದಾರ್ರೇ."

ಒಳಗೆ ಬಂದು ಮೇಡಂ ಕಿವಿಯಲ್ಲಿ ಹೇಳಿದರು. ಮೇಡಂ ಹುಬ್ಬು ಅಲ್ಲಾಡಲಿಲ್ಲ.

"ಸಿಸ್ಟರ್, ಈ ಯಂತ್ರ ಜನರೇಟರ್ ಮೇಲೆ ಓಡುತ್ತಾ?"

"ಜನರೇಟರ್ ಇಲ್ಲ. ಇನ್ವರ್ಟರ್ ಇದೆ, ಅದು ಲೈಟಿಗೆ, ಫ್ರಿಜ್ಜಿಗೆ ಅಷ್ಟೇ."

"ಏಳನೇ ತಾರೀಖು ಇಡೀ ದಿನ ಕರೆಂಟಿರಲಿಲ್ಲ. ಸ್ಟ್ರಿಪ್ ಹೇಗೆ ಕಪ್ಪಾಯ್ತು?"

ಸಿಸ್ಟರ್ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಳ್ಳಲು ಹೋದರು, ಮೇಡಂ ಅದರ ಮೇಲೆ ಕೈಯಿಟ್ಟರು. ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರು ಮಾಡಿದರು. ಉದ್ದಣ್ಣ ಫೋಟೋ ತೆಗೆದ. ಯಂತ್ರದ ಹಿಂಭಾಗದ ತಗಡಿಗೆ ತುಕ್ಕು ಹಿಡಿದಿತ್ತು, ಅದರ ನಾಲ್ಕು ಸ್ಕ್ರೂ ಮಾತ್ರ ಹೊಸವು. ಕಪಾಟಿನ ತಳದಲ್ಲಿ, ಬೇರೆ ಗಂಟುಗಳ ಅಡಿ, ಬಿಚ್ಚದ ಒಂದು ಗಂಟು ಸಿಕ್ಕಿತು. ಅದರ ಮೇಲಿನ ಚೀಟಿಯಲ್ಲಿ ಆರನೇ ತಾರೀಖು, ಗಡ್ಡೆ ಕೊಯ್ದ ದಿನದ್ದು. ಅದನ್ನು ಬಿಚ್ಚದೆ ಹಾಗೇ ಸೀಲು ಮಾಡಿದರು.

ಹನ್ನೆರಡು ನಲವತ್ತಕ್ಕೆ ಸಿಸ್ಟರ ಮೇಜಿನ ಖಾನೆಯಲ್ಲಿ ಒಂದು ಕಂದು ಲಕೋಟೆ ಸಿಕ್ಕಿತು. ಮೇಡಂ ಅದನ್ನು ಬಿಳಿ ಕಾಗದದ ಮೇಲೆ ಬಗ್ಗಿಸಿದರು. ಸ್ಟ್ರಿಪ್ಪುಗಳು, ಒಂಬತ್ತು. ಒಂಬತ್ತೂ ಕಪ್ಪು. ಪ್ರತಿಯೊಂದರ ಹಿಂದೆ ಪೆನ್ಸಿಲ್ಲಿನಲ್ಲಿ ಪುಟ್ಟದಾಗಿ ಒಂದು ಅಂಕಿ: ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ತೈದು... ಮೂವತ್ತರವರೆಗೆ.

"ಇದೇನು ಸಾರ್?" ಜೆರಾಕ್ಸ್ ಅಂಗಡಿಯವನು ಪಿಸುಗುಟ್ಟಿದ.

"ನಾಳೆ, ನಾಡಿದ್ದು, ಆಚೆ ನಾಡಿದ್ದು. ಇನ್ನೂ ಬಾರದ ಒಂಬತ್ತು ದಿನ ಯಂತ್ರ ಸರಿಯಾಗಿ ಬಿಸಿಯಾಗಿತ್ತು ಅನ್ನೋದಕ್ಕೆ ಸಾಕ್ಷಿ," ಅಂದರು ದಫೇದಾರರು. ಡಾಕ್ಟರು ಹತ್ತಿರವಿದ್ದ ಸ್ಟೂಲಿನ ಮೇಲೆ ಧೊಪ್ಪನೆ ಕೂತರು. ರಿಜಿಸ್ಟರಿನ ಪ್ರತಿ ತಿಂಗಳ ಪುಟದ ಕೊನೆಗೂ ಅವರ ಸಹಿ ಇತ್ತು.

ಆ ದಿನ ಯಾರನ್ನೂ ಬಂಧಿಸಲಿಲ್ಲ. ವೈದ್ಯಕೀಯ ಸಮಿತಿಯ ಅಭಿಪ್ರಾಯ, ಪ್ರಯೋಗಾಲಯದ ವರದಿ ಎರಡೂ ಕೈಗೆ ಬರದೆ ಇಂಥ ಕೇಸಿನಲ್ಲಿ ಮುಂದೆ ಹೆಜ್ಜೆ ಇಡುವ ಹಾಗಿಲ್ಲ. ಕೊಯ್ಯುವ ಕೋಣೆಗೆ ಬೀಗ ಹಾಕಿ ಸೀಲು ಮಾಡಿದರು. ಆ ತಿಂಗಳು ಅಲ್ಲಿ ಹೊಲಿಗೆ ಹಾಕಿಸಿಕೊಂಡ ಇನ್ನೂ ಏಳು ಜನರನ್ನು ಹುಡುಕಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಇಬ್ಬರ ಗಾಯದಲ್ಲಿ ಕೀವು ತುಂಬಿತ್ತು. ಬದುಕಿಕೊಂಡರು.

ಇಪ್ಪತ್ತೊಂದಕ್ಕೆ ತಪಾಸಣಾಧಿಕಾರಿಯನ್ನು ಠಾಣೆಗೆ ಕರೆಸಿದರು. ಇಸ್ತ್ರಿ ಮುರಿಯದ ಅಂಗಿ, ಬಗಲಲ್ಲಿ ಫೈಲು.

"ಹದಿನೈದಕ್ಕೆ ನೀವು ಆ ಯಂತ್ರ ನೋಡಿದ್ರಾ?"

"ರಿಜಿಸ್ಟರ್ ನೋಡಿದೆ. ಒಂದು ದಿನವೂ ಬಿಟ್ಟಿರಲಿಲ್ಲ."

"ಯಂತ್ರ?"

"ಮೇಡಂ, ನಮ್ಮ ನಮೂನೆಯಲ್ಲಿ 'ಸ್ಟ್ರಿಪ್ ಅಂಟಿಸಲಾಗಿದೆಯೇ' ಅಂತ ಇದೆ. 'ಯಂತ್ರ ಬಿಸಿಯಾಗುತ್ತದೆಯೇ' ಅಂತ ಇಲ್ಲ."

ದಫೇದಾರರಿಗೆ ಎದ್ದು ಅವನ ಫೈಲನ್ನು ಕಿಟಕಿಯಿಂದಾಚೆ ಒಗೆಯೋಣ ಅನಿಸಿತು. ಹೇಳಿಕೆಯನ್ನು ಹಾಗೇ, ಒಂದಕ್ಷರ ಬಿಡದೆ ಬರೆದುಕೊಂಡರು.

ಇಪ್ಪತ್ತೆರಡಕ್ಕೆ ಮೆಕ್ಯಾನಿಕ್ ಸಿಕ್ಕಿದ. ಹನ್ನೆರಡನೇ ತಾರೀಖು ಮಧ್ಯಾಹ್ನ ಸಿಸ್ಟರೇ ಫೋನು ಮಾಡಿ ಕರೆಸಿದ್ದರಂತೆ.

"ಏನಾಗಿತ್ತು?"

"ಒಂದು ಕಾಯಿಲ್ ಸುಟ್ಟು ಕೂತಿತ್ತು ಸಾರ್. ಡಿಗ್ರಿ ತೋರಿಸೋ ಮುಳ್ಳು ನೂರಿಪ್ಪತ್ತೊಂದರ ಮೇಲೆ ಸಿಕ್ಕಿಹಾಕ್ಕೊಂಡಿತ್ತು. ಒಳಗೆ ಮಾತ್ರ ಸ್ನಾನದ ನೀರಿನಷ್ಟು ಬೆಚ್ಚಗೆ, ಅಷ್ಟೇ. ಸಿಸ್ಟರ್ ಪಕ್ಕದಲ್ಲೇ ನಿಂತು ಎಷ್ಟು ದಿನದಿಂದ ಹೀಗಿರಬಹುದು ಅಂತ ಕೇಳಿದ್ರು. ಒಂದು ವಾರ ಇರಬಹುದು ಅಂದೆ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ರು."

ಆಮೇಲೆ ಕಾಯುವುದೇ ಕೆಲಸ. ಲಾಂಡ್ರಿಯ ಅಕ್ಕ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಠಾಣೆಗೆ ಬಂದು, ದಫೇದಾರರ ಮೇಜಿನ ಮುಂದೆ ನಿಂತು, "ಗೊತ್ತಾಯ್ತಾ ಸಾರ್?" ಅನ್ನುವಳು. "ಇನ್ನೂ ಇಲ್ಲಮ್ಮ" ಅನ್ನಿಸಿಕೊಂಡು ಹೋಗುವಳು. ಯಂತ್ರ ಕೆಟ್ಟಿತ್ತು ಅನ್ನುವುದನ್ನಾದರೂ ಹೇಳಿಬಿಡೋಣ ಅಂತ ದಫೇದಾರರ ನಾಲಿಗೆ ತುರಿಸುತ್ತಿತ್ತು. ಮೇಡಂ ಬೇಡ ಅಂದಿದ್ದರು: ಯಂತ್ರ ಕೆಟ್ಟಿದ್ದು ಒಂದು ಮಾತು, ನಂಜು ಅಲ್ಲಿಂದಲೇ ಬಂದದ್ದು ಇನ್ನೊಂದು ಮಾತು. ವರದಿ ಉಲ್ಟಾ ಬಂದರೆ ಆ ಹೆಂಗಸನ್ನು ಎರಡನೇ ಸಲ ಕೊಂದ ಹಾಗೆ. ಒಂದು ದಿನ ಅವಳು ಬಂದಾಗ ಅಂಗೈ ತುಂಬ ಸುಟ್ಟ ಬೊಬ್ಬೆ ಇತ್ತು. ಇಸ್ತ್ರಿ ತಾಗಿತು ಅಂದಳು. ಅಂಗೈಗೆ ಇಸ್ತ್ರಿ ತಾಗೋದು ಹೇಗೆ ಅಂತ ದಫೇದಾರರು ಕೇಳಲಿಲ್ಲ, ಮುಲಾಮು ತರಿಸಿ ಹಚ್ಚಿಸಿದರು. ಆ ಸಂಜೆ ಪ್ರಯೋಗಾಲಯಕ್ಕೆ ಮೂರು ಸಲ ಫೋನು ಮಾಡಿ ಬೈಸಿಕೊಂಡರು.

ಮುಂದಿನ ತಿಂಗಳ ಐದನೇ ತಾರೀಖು ಗುರುವಾರ ಹತ್ತು ಗಂಟೆಗೆ ವರದಿ ಬಂತು. ಸೀಲು ಮಾಡಿದ ಗಂಟಿನೊಳಗಿನ ಚಿಮಟದ ಮೇಲೆ ಬೆಳೆದ ರೋಗಾಣು, ಸತ್ತವಳ ರಕ್ತದಲ್ಲಿ ಸಿಕ್ಕ ರೋಗಾಣು, ಎರಡೂ ಒಂದೇ. ಸಮಿತಿಯ ಅಭಿಪ್ರಾಯವೂ ಜೊತೆಗಿತ್ತು: ಸೋಂಕು ತಗುಲಿದ್ದು ಕೊಯ್ದ ದಿನ, ಕೊಯ್ದ ಉಪಕರಣದಿಂದ. ಮನೆಯ ಶುಶ್ರೂಷೆಯಲ್ಲಿ ಲೋಪ ಕಾಣುವುದಿಲ್ಲ. ಡಾಕ್ಟರನ್ನು ಮೇಲ್ವಿಚಾರಣೆಯ ನಿರ್ಲಕ್ಷ್ಯಕ್ಕಾಗಿ ಎರಡನೇ ಆರೋಪಿ ಮಾಡಿ ನೋಟಿಸು ಕಳಿಸಿದರು.

ಹನ್ನೊಂದು ನಲವತ್ತಕ್ಕೆ ಸಿಸ್ಟರನ್ನು ಅವರ ಕೋಣೆಯಲ್ಲಿ ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ, ದಾಖಲೆ ತಿದ್ದಿದ್ದು, ಸಾಕ್ಷ್ಯ ಮರೆಮಾಚಿದ್ದು. ಬಾಗಿಲು ತಟ್ಟಿದ ಕೂಡಲೇ ತೆರೆದರು, ಚಪ್ಪಲಿ ಹಾಕಿಕೊಂಡೇ ಕೂತಿದ್ದ ಹಾಗೆ.

ಠಾಣೆಯಲ್ಲಿ ಮೇಡಂ ಕೇಳಿದರು, ದಫೇದಾರರು ಬರೆದುಕೊಂಡರು.

"ಸ್ಟ್ರಿಪ್ಪುಗಳನ್ನ ಯಾವಾಗ ಮಾಡಿದ್ರಿ?"

"ಒಂದನೇ ತಾರೀಖು. ತಿಂಗಳದ್ದೆಲ್ಲ ಒಟ್ಟಿಗೆ ಒಳಗಿಟ್ಟು ಒಂದೇ ಸಲ ಬೇಯಿಸ್ತಿದ್ದೆ. ಇಪ್ಪತ್ತಾರು."

"ಯಾಕೆ?"

"ಎರಡು ವರ್ಷದ ಹಿಂದೆ ಮೊದಲನೇ ತಪಾಸಣೆ ಬಂತು. ಅಷ್ಟೂ ವರ್ಷ ನಾನು ಒಂದು ದಿನ ಬೇಯಿಸದೆ ಕತ್ತರಿ ಮುಟ್ಟಿಸಿದೋಳಲ್ಲ. ಯಂತ್ರದ ಎದುರು ಸ್ಟೂಲ್ ಹಾಕ್ಕೊಂಡು ಹದಿನೈದು ನಿಮಿಷ ಕೂತಿರ್ತಿದ್ದೆ. ಸ್ಟ್ರಿಪ್ ಅಂಟಿಸಬೇಕು ಅಂತ ಯಾರೂ ಹೇಳಿರಲಿಲ್ಲ. 'ಸಿಬ್ಬಂದಿಗೆ ಶುಚಿತ್ವದ ತಿಳಿವಳಿಕೆ ಇಲ್ಲ' ಅಂತ ಬರೆದು ಬಾಗಿಲಿಗೆ ಅಂಟಿಸಿ ಹೋದ್ರು. ಆರು ತಿಂಗಳು ಅಲ್ಲೇ ಇತ್ತು. ನಾನು ಬಾಣಂತನ ಮಾಡಿದ ಹೆಂಗಸರು ಅದನ್ನ ಓದಿ ನನ್ನ ಮುಖ ನೋಡೋರು."

"ಆಮೇಲೆ?"

"ಹನ್ನೊಂದು ರಿಜಿಸ್ಟರ್ ಬಂತು. ಒಬ್ಬಳೇ ನಾನು. ಯಂತ್ರಕ್ಕೆ ಸ್ವಿಚ್ ಹಾಕಿ, ರಿಜಿಸ್ಟರ್ ತುಂಬೋಕೆ ಆಚೆ ಕೂರ್ತಿದ್ದೆ. ಯಂತ್ರ ಹೇಗೂ ಬಿಸಿಯಾಗುತ್ತಲ್ಲ ಅಂತ ಸ್ಟ್ರಿಪ್ಪನ್ನೂ ಒಟ್ಟಿಗೆ ಮಾಡಿಟ್ಟೆ. ಇನ್ನೊಂದು ಸಲ ಹಾಗೆ ಬರೆಸ್ಕೊಳೋದು ನನ್ನಿಂದ ಆಗ್ತಿರಲಿಲ್ಲ."

"ಕೆಟ್ಟಿದೆ ಅಂತ ಗೊತ್ತಾದದ್ದು?"

"ಹನ್ನೊಂದನೇ ತಾರೀಖು. ಆಯಮ್ಮನ ಗಂಡ ಬಂದು ನಂಜಾಗಿದೆಯಂತೆ, ದೊಡ್ಡಾಸ್ಪತ್ರೇಲಿ ನಿಮ್ಮ ಕಾಗದ ಕೇಳ್ತಿದ್ದಾರೆ ಅಂದ. ಎದೆ ಧಸಕ್ ಅಂತು. ಅವನನ್ನ ಕೂರಿಸಿ, ಒಳಗೆ ಹೋಗಿ ಹೊಸ ಸ್ಟ್ರಿಪ್ ಹಾಕಿ ಓಡಿಸಿದೆ. ಬೆಳ್ಳಗೇ ಇತ್ತು."

"ಆಗ ಆ ಸಾಲು ಬರೆದ್ರಿ."

"ನಾಲ್ಕು ದಿನಕ್ಕೆ ತಪಾಸಣೆ ಇತ್ತು ಮೇಡಂ."

ದಫೇದಾರರು ಮೂವತ್ತೊಂದು ವರ್ಷ ಕಳ್ಳರ, ಕೊಲೆಗಾರರ ಹೇಳಿಕೆ ಬರೆದವರು. ಇವತ್ತು ಆ ಒಂದು ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಸಿಸ್ಟರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು, ಯಾವುದು ಹೆಚ್ಚು ಅಂತ ಅವರಿಗೇ ತಿಳಿಯಲಿಲ್ಲ.

ಮೂರೂವರೆಗೆ ತಂಗಿಯ ಗಂಡನನ್ನು ಕರೆಸಿ ವರದಿ ಓದಿಸಿದರು. ಎರಡು ಸಲ ಓದಿದ. "ಇವತ್ತು ಸಂಜೆಯೇ ಮಗೂನ ದೊಡ್ಡಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ" ಅಂತ ನೆಲಕ್ಕೆ ಹೇಳಿ ಎದ್ದು ಹೋದ.

ನಾಲ್ಕೂವರೆಗೆ ಅಕ್ಕ ಬಂದಳು. ದಫೇದಾರರು ಈ ಸಲ ಅವಳು ಕೇಳುವವರೆಗೆ ಕಾಯಲಿಲ್ಲ.

"ನೀವಲ್ಲಮ್ಮ. ನಿಮ್ಮ ಕೈ ಅಲ್ಲ. ನೀವು ತೊಳೆಯೋಕೆ ಮುಂಚೇನೇ ನಂಜು ಒಳಗೆ ಹೋಗಿತ್ತು. ಬರಹದಲ್ಲಿದೆ, ಸೀಲು ಸಹಿ ಸಮೇತ." ಸಿಸ್ಟರ ಹೇಳಿಕೆಯನ್ನೂ, ಆ ಸಾಲು ಯಾವಾಗ ಯಾಕೆ ಬಂತು ಅನ್ನುವುದನ್ನೂ ಬಿಡಿಸಿ ಹೇಳಿದರು. ಮಗು ಸಂಜೆ ಬರುತ್ತದೆ ಅಂತಲೂ ಹೇಳಿದರು.

ಅಳುತ್ತಾಳೆ ಅಂದುಕೊಂಡು ನೀರಿನ ಲೋಟ ತರಿಸಿಟ್ಟಿದ್ದರು. ಅವಳು ಅಳಲಿಲ್ಲ.

"ಹನ್ನೊಂದನೇ ತಾರೀಖು ಅವಳ ಗಂಡ ಆ ಕಾಗದ ತಂದು ವಾರ್ಡಲ್ಲೇ ಗಟ್ಟಿಯಾಗಿ ಓದಿದ ಸಾರ್. ನಿಮ್ಮಕ್ಕ ಏನು ಮಾಡಿದ್ದಾಳೆ ನೋಡು ಅಂದ. ಅವಳಿಗೆ ಮಾತು ನಿಂತಿತ್ತು, ಜ್ಞಾನ ಇತ್ತು. ಹಾಗಲ್ಲ ಕಣೇ ಅಂತ ಕೈ ಹಿಡ್ಕೊಳೋಕೆ ಹೋದೆ." ಅವಳು ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. "ಕೈ ಬಿಡಿಸ್ಕೊಂಡು ಗೋಡೆ ಕಡೆ ತಿರುಗಿದ್ಲು. ಬೆಳಗಾಗೋಷ್ಟರಲ್ಲಿ ಹೋಗಿದ್ಲು."

ಹೊರಗೆ ಉದ್ದಣ್ಣ ಜೀಪು ಶುರು ಮಾಡುತ್ತಿದ್ದ. ಸಿಸ್ಟರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು.

"ನೀವು ನಂಗೆ ಹೇಳಿದ್ರಿ, ಅವಳ ಗಂಡನಿಗೂ ಹೇಳಿದ್ರಿ," ಅಂದಳು ಅಕ್ಕ. "ಅವಳಿಗೆ ಯಾರು ಹೇಳ್ತಾರೆ ಸಾರ್?"

ದಫೇದಾರರು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು.